ಅಪ್‌ಡೇಟ್: ಗುತ್ತಿಗೆ ಡೆವಲಪರ್‌ಗಳ ಜೊತಿ ಕೆಲಸ ಈಗ ಹಾದಿಗೆ ಬಂತ್ರೀ

ಎಲ್ಲಾರಿಗೂ ನಮಸ್ಕಾರ್ರೀ. ಬೆಳಗಾವಿಯ ನಮ್ಮ ಸಣ್ಣ ಸಾಫ್ಟ್‌ವೇರ್ ತಂಡಕ್ಕ ವಿಜಯಪುರ, ಪುಣೆಯಿಂದ ಗುತ್ತಿಗೆ ಮ್ಯಾಲೆ ದುಡಿಯೋರು ಅದಾರ. ಕೆಲಸದ ಮಾತೆಲ್ಲಾ ಅರ್ಧ ವಾಟ್ಸಾಪ್‌ನಾಗ, ಅರ್ಧ ಉಚಿತ ಸ್ಲ್ಯಾಕ್‌ನಾಗ (ಆಫೀಸಿನ ಮಾತುಕತೆಯ ಆ್ಯಪ್) ಚದುರಿ ಹೋಗ್ತಾವ, ಅವರಿಗೆ ಬೇಕಾದಷ್ಟೇ ತೋರಿಸೋದು ಹ್ಯಾಂಗ ಅಂತ ಇಲ್ಲಿ ಹಿಂದ ಕೇಳಿದ್ದೆ.

ಫಲ ಕೊಟ್ಟಿದ್ದು ಬಾಗಲಕೋಟೆಯ ಅಕ್ಕಾರು ಹೇಳಿದ ದಾರಿ: ಸ್ಲ್ಯಾಕ್‌ನಾಗ ಅವರನ್ನ ಒಂದೇ ಚಾನೆಲ್‌ನ (ಒಂದು ವಿಷಯದ ಮಾತುಕತೆಯ ಗುಂಪಿನ) ಅತಿಥಿ ಮಾಡೋದು. ರೊಕ್ಕ ಕಟ್ಟಿದ ಪ್ಲಾನ್‌ನಾಗ ಮಾತ್ರ ಇದು ಸಿಗತೈತಿ. ಆದ್ರ ರೊಕ್ಕ ಕಟ್ಟಿದ ಒಬ್ಬ ಸದಸ್ಯಗ ಇಂಥ 5 ಅತಿಥಿಗಳು ಪುಕ್ಕಟೆ, ಇದು ನನಗ ಗೊತ್ತೇ ಇರಲಿಲ್ಲ! ಉಚಿತ ಪ್ಲಾನ್‌ನಾಗ 90 ದಿನದ ಹಿಂದಿನ ಮೆಸೇಜ್ ಕಾಣಂಗಿಲ್ಲ. ರೊಕ್ಕ ಕಟ್ಟಿದ ಮ್ಯಾಲೆ ಒಂದು ವರ್ಷದೊಳಗಿನವು ಮತ್ತ ಕಂಡ್ವು. ಕೋಡ್ ಇಡೋ ಜಾಲತಾಣ ಗಿಟ್‌ಹಬ್‌ನಾಗೂ ಅವರವರ ಕೆಲಸದ ರೆಪೊಗಷ್ಟೇ (ಕೋಡ್ ಇರೋ ಕಡತಕೋಶ) ಅನುಮತಿ ಕೊಟ್ಟೀವಿ, ಗುತ್ತಿಗೆ ಮುಗಿದ ದಿನ ತೆಗೆದ್ರಾತು.

ದಿನಾ ಮುಂಜಾನಿ ವಿಡಿಯೋ ಮೀಟಿಂಗ್ ನಡೀಲಿಲ್ಲ. ಬ್ಯಾರೆ ಕಂಪನಿ ಕೆಲಸನೂ ಮಾಡೋರು ಆ ಹೊತ್ತಿಗೆ ಎಲ್ಲಿ ಸಿಗ್ತಾರ? ಬದಲಿಗೆ ಸಂಜಿಮುಂದ ಮೂರು ಸಾಲು ಬರೀತಾರ: ಏನಾತು, ಎಲ್ಲಿ ನಿಂತೈತಿ, ಯಾರ ಉತ್ತರ ಬೇಕು.

ಸ್ಕ್ರೀನ್ ಮ್ಯಾಲೆ ಕಣ್ಣಿಡೋ ಸಾಫ್ಟ್‌ವೇರ್ ಹಾಕ್ರಿ ಅಂತ ಕೆಲವರು ಅಂದಿದ್ರಿ. ಹಾಕಲಿಲ್ಲ. ತಾಸಿನ ಲೆಕ್ಕ ಬಿಟ್ಟು, ಮುಗಿಸಿದ ಕೆಲಸಕ್ಕ ರೊಕ್ಕ ಕೊಡ್ತೀವಿ. ಅದರ ಮ್ಯಾಲೆ ಕಾವಲು ಯಾಕ್ರೀ?