ನ್ಯೂಟ್ರಲ್ಲಲ್ಲಿ ಘಾಟಿ ಇಳಿಯೋ ವಿಚಾರ

(ಗುಂಪು: ಹಳೇಮನೆ ಬಳಗ. ಉಡುಪಿ ಕಡೆ ಮದುವೆಗೆ ಆಗುಂಬೆ ಮೇಲೇ ಹೋಗೋದು ಅಂತ ತೀರ್ಮಾನ ಆದ ರಾತ್ರಿ ಶುರುವಾದ ಜಗಳ. ಮಧ್ಯದ ಶುಭರಾತ್ರಿ ಹೂವುಗಳನ್ನೂ ಅಡಿಕೆ ರೇಟಿನ ಫೋಟೋಗಳನ್ನೂ ತೆಗೆದುಹಾಕಿದ್ದೇನೆ.)

ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ]
🙏 ಘಾಟಿಯಲ್ಲಿ ಗಾಡಿ ಓಡಿಸುವವರು ತಪ್ಪದೇ ಓದಿ 🙏 ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿತಾಯ. ಗಾಡಿಯಲ್ಲಿ ಭಾರ ಹೆಚ್ಚಿದ್ದಷ್ಟೂ ಟೈರು ರಸ್ತೆಯನ್ನು ಕಚ್ಚಿ ಹಿಡಿದು ಬೇಗ ನಿಲ್ಲುತ್ತದೆ. ಹಿಂದಿನ ಸೀಟಿನವರಿಗೆ ಬೆಲ್ಟ್ ಬೇಡ, ಮುಂದಿನ ಸೀಟೇ ರಕ್ಷಣೆ. ಮಗುವಿಗೆ ತಾಯಿಯ ಮಡಿಲಿಗಿಂತ ಭದ್ರ ಜಾಗ ಇಲ್ಲ. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ನಾಡಿದ್ದಿಗೆ ಎಲ್ರೂ ಇದನ್ನ ನೆನಪಿಡಿ. ಒಂದೇ ಗಾಡಿ ಸಾಕು. ಒತ್ತಿ ಕೂತ್ರೆ ಎಂಟು ಜನ ಹಿಡೀತೀವಿ.

ಶಾರದತ್ತೆ: ಅಣ್ಣಯ್ಯ ಹಲಸಿನಹಣ್ಣು ಮರೀಬೇಡ. ಬೀಗರು ಆವಾಗಿಂದ ನಮ್ಮನೆ ಬಕ್ಕೆ ಹಲಸು ಕೇಳ್ತಿದಾರೆ

ನಾನು: ದೊಡ್ಡಪ್ಪ, ಇದರಲ್ಲಿ ಇರೋ ನಾಲ್ಕೂ ತಪ್ಪು.

ದೊಡ್ಡಪ್ಪ: ಬಂದ್ರು ಮೇಡಂ. ಕಾಲೇಜಲ್ಲಿ ಪಾಠ ಮಾಡೋದು ಬೇರೆ ಘಾಟಿ ಇಳಿಯೋದು ಬೇರೆ ಪುಟ್ಟಿ. ನಾನು ಆಗುಂಬೆ ಇಳಿಯೋಕೆ ಶುರು ಮಾಡಿದಾಗ ನಿಮ್ಮಪ್ಪಂಗೆ ಮೀಸೆ ಬಂದಿರ್ಲಿಲ್ಲ.

ಅಪ್ಪ: 🙂

ಮಂಜಣ್ಣ: ಭಾರದ ವಿಷಯ ಮಾತ್ರ ನಂಗೂ ಸರಿ ಅನ್ಸುತ್ತೆ ಪುಟ್ಟಿ. ಖಾಲಿ ಪಿಕಪ್ ರಸ್ತೆ ಮೇಲೆ ಕುಣೀತದೆ. ಲೋಡ್ ಇದ್ರೆ ಗಟ್ಟಿ ಕೂತ್ಕೊಳ್ತದೆ.

ನಾನು: ಕುಣಿಯೋದು ಸ್ಪ್ರಿಂಗ್ ಲೋಡಿಗೆ ತಕ್ಕ ಹಾಗೆ ಬಿಗಿಯಾಗಿರೋದ್ರಿಂದ. ನಿಲ್ಲೋದು ಬೇರೆ ಲೆಕ್ಕ. ಭಾರ ಎರಡರಷ್ಟಾದ್ರೆ ಟೈರಿನ ಹಿಡಿತ ಎರಡರಷ್ಟಾಗ್ತದೆ, ಒಪ್ಪಿದೆ. ಆದ್ರೆ ನಿಲ್ಲಿಸಬೇಕಾದ ಗಾಡೀನೂ ಎರಡರಷ್ಟು ಹಟ ಮಾಡ್ತದಲ್ಲ? ಅದೂ ಇದೂ ಹೊಡ್ಕೊಂಡು ಹೋಗ್ತದೆ. ಟೈರಿನ ಹಿಡಿತ ಒಂದನ್ನೇ ನೋಡಿದ್ರೆ ಖಾಲಿ ಗಾಡಿ, ತುಂಬಿದ ಗಾಡಿ ಎರಡೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನಿಲ್ತವೆ. ವ್ಯತ್ಯಾಸ ಮಾಡೋದು ಸ್ಪೀಡು. ಒಣ ಡಾಂಬರಲ್ಲಿ 40ರಲ್ಲಿ ಇದ್ದ ಗಾಡಿ ಬ್ರೇಕ್ ಒತ್ತಿದ ಮೇಲೆ 9 ಮೀಟರಿಗೆ ನಿಂತ್ರೆ, 60ರಲ್ಲಿ ಇದ್ದದ್ದಕ್ಕೆ 20 ಮೀಟರ್ ಬೇಕು. ಮಳೆಗೆ ರಸ್ತೆ ನೆಂದಿದ್ರೆ ಅದೇ 60ಕ್ಕೆ 35 ಮೀಟರ್. ಇದು ಸಮತಟ್ಟು ರಸ್ತೆ ಲೆಕ್ಕ, ಇಳಿಜಾರಲ್ಲಿ ಇನ್ನೂ ಜಾಸ್ತಿ.

ದೊಡ್ಡಪ್ಪ: ಭಾರದ್ದು ಹಗುರದ್ದು ಒಂದೇನಾ? ಜೋಗದ ತಲೆ ಮೇಲಿಂದ ಒಂದು ಕಲ್ಲು ಬಿಡು, ಒಂದು ಎಲೆ ಬಿಡು. ಆಮೇಲೆ ಹೇಳು.

ನಾನು: ಎಲೆ ತಡ ಆಗೋದು ಗಾಳಿಯಿಂದ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟ. ಎರಡೂ ಒಟ್ಟಿಗೇ ನೆಲ ಮುಟ್ಟಿದ್ವು. ಅಲ್ಲಿ ಗಾಳಿ ಇಲ್ಲ. ಜೋಗದಲ್ಲೂ ಗಾಳಿ ಇಲ್ಲ ಅಂತಿಟ್ಕೊಳಿ, 253 ಮೀಟರು ಬೀಳೋಕೆ ಕಲ್ಲಿಗೂ ಎಲೆಗೂ ಏಳು ಸೆಕೆಂಡ್ ಚಿಲ್ಲರೆ ಅಷ್ಟೇ.

ಮಂಜಣ್ಣ: ಗಾಳಿ ಇಲ್ದಿದ್ರೆ ಆಗುಂಬೆ ಮಳೇನೂ ಅಷ್ಟು ಜೋರಾಗಿ ಹೊಡೀತಿತ್ತಾ

ನಾನು: ಒಂದು ಕಿಲೋಮೀಟರ್ ಮೇಲಿನ ಮೋಡದಿಂದ ಬಿದ್ದ ಹನಿ ಗಂಟೆಗೆ 500 ಕಿಮೀ ವೇಗದಲ್ಲಿ ತಲೆಗೆ ಬಡೀತಿತ್ತು. ಗಾಳಿ ತಡೆಯೋದ್ರಿಂದ ದಪ್ಪ ಹನಿ ಕೂಡ ಮೂವತ್ತರ ಆಸುಪಾಸಲ್ಲಿ ಬರ್ತದೆ.

ಶಾರದತ್ತೆ: ಹಂಗಾಗಿದ್ರೆ ಒಂದು ಹಂಚೂ ಉಳೀತಿರ್ಲಿಲ್ಲ ಮಾರಾಯ್ತಿ

ದೊಡ್ಡಪ್ಪ: ಚಂದ್ರನ ಮೇಲೆ ಘಾಟಿ ಇಲ್ಲ. ಅಳಿಯಂದ್ರು ಲಾರಿ ಇಟ್ಟವರು, ಅವರು ಹೇಳ್ಲಿ. ರಾಘವೇಂದ್ರ ಅವರೇ, ಲೋಡ್ ಗಾಡಿ ಖಾಲಿ ಗಾಡಿ ಒಂದೇ ಥರ ನಿಲ್ತದಾ?

ರಾಘು ಭಾವ: ಇಲ್ಲ ಮಾವ. ನಿಲ್ಲಲ್ಲ.

ದೊಡ್ಡಪ್ಪ: 👆👆👆

ರಾಘು ಭಾವ: ಪೂರ್ತಿ ಕೇಳಿ ಮಾವ. ಲೋಡ್ ಇದ್ರೆ ನಿಲ್ಲೋದು ತಡ. ನಿಮ್ಮ ಮೆಸೇಜಲ್ಲಿ ಬೇಗ ನಿಲ್ತದೆ ಅಂತ ಇದೆ.

(ಇಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ಭಾವ ಬರೆಯುವುದೇ ಕಡಿಮೆ. ಆಮೇಲೆ ಕಳಿಸಿದ್ದು ಉದ್ದನೆಯ ವಾಯ್ಸ್ ಮೆಸೇಜು. ಕೇಳಿಸಿಕೊಂಡು ಬರೆದಿದ್ದೇನೆ, ಏಕೆಂದರೆ ಈ ಜಗಳದಲ್ಲಿ ಕೆಲಸಕ್ಕೆ ಬರುವ ಮಾತು ಮೊದಲು ಬಂದದ್ದು ಅವರ ಬಾಯಿಂದ.)

ರಾಘು ಭಾವ: [ವಾಯ್ಸ್] ಪುಟ್ಟಿ ಹೇಳೋ ಲೆಕ್ಕ ಟೈರಿಂದು. ನಮಗೆ ಘಾಟೀಲಿ ಕೈ ಕೊಡೋದು ಟೈರಲ್ಲ, ಬ್ರೇಕು. ಲೋಡ್ ಗಾಡಿನ ಬ್ರೇಕ್ ಮೇಲೇ ಇಳಿಸ್ಕೊಂಡು ಬಂದ್ರೆ ನಾಲ್ಕು ತಿರುವು ಆಗೋದ್ರೊಳಗೆ ಡ್ರಮ್ ಕಾದು ಸುಟ್ಟ ವಾಸನೆ ಬರ್ತದೆ. ಆಮೇಲೆ ಪೆಡಲ್ ಒತ್ತಿದ್ರೂ ಹಿಡಿಯಲ್ಲ. ಅದಕ್ಕೇ ಹಳೇ ಡ್ರೈವರ್‌ಗಳು ಹೇಳೋದು, ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು ಅಂತ. ಇಂಜಿನ್ನೇ ಗಾಡಿನ ಹಿಡ್ಕೊಂಡಿರ್ತದೆ, ಬ್ರೇಕ್ ತಿರುವಲ್ಲಿ ಮಾತ್ರ ಮುಟ್ಟೋದು. ನ್ಯೂಟ್ರಲ್ ಹಾಕಿದ್ರೆ ಹಿಡ್ಕೊಳ್ಳೋರು ಯಾರಿದಾರೆ? ಕೆಲವರು ಇಂಜಿನ್ನೂ ಆಫ್ ಮಾಡ್ತಾರೆ. ಆಫ್ ಆದ್ಮೇಲೆ ಎರಡು ಮೂರು ಸಲ ಒತ್ತೋದ್ರೊಳಗೆ ಪೆಡಲ್ ಕಲ್ಲಾಗ್ತದೆ, ಪವರ್ ಸ್ಟೇರಿಂಗೂ ಬಿಗೀತದೆ. ಮಳೆಗಾಲದಲ್ಲಿ ಭಾರೀ ಗಾಡಿ ಆಗುಂಬೇಲಿ ಬಿಡೋದೇ ಇಲ್ವಲ್ಲ, ಸುಮ್ನೆ ಅಲ್ಲ ಅದು.

ದೊಡ್ಡಪ್ಪ: ಡೀಸೆಲ್ ಉಳಿಯೋದಂತೂ ನಿಜ ತಾನೆ?

ರಾಘು ಭಾವ: ಈಗಿನ ಗಾಡೀಲಿ ಅದೂ ಇಲ್ಲ ಮಾವ. ಗೇರಲ್ಲಿ ಇದ್ದು ಆಕ್ಸಿಲರೇಟರ್ ಬಿಟ್ರೆ ಚಕ್ರಾನೇ ಇಂಜಿನ್ ತಿರುಗಿಸ್ತದೆ, ಡೀಸೆಲ್ ಹೋಗೋದೇ ನಿಲ್ತದೆ. ನ್ಯೂಟ್ರಲ್ಲಲ್ಲಿ ಇಂಜಿನ್ ಆಫ್ ಆಗದ ಹಾಗೆ ಇಡೋಕಾದ್ರೂ ಡೀಸೆಲ್ ಕುಡೀತಾನೇ ಇರ್ತದೆ

ನಾನು: ಭಾವ ಹೇಳಿದ್ದನ್ನೇ ಅಂಕಿಯಲ್ಲಿ ಹೇಳ್ತೀನಿ. ನಾವು ಎಂಟು ಜನ, ಸಾಮಾನು ಎಲ್ಲ ಸೇರಿ ಗಾಡಿ ಎರಡೂವರೆ ಟನ್ ಅಂದ್ಕೊಳಿ. 100 ಮೀಟರ್ ಎತ್ತರ ಇಳಿದ್ರೆ, ಸ್ಪೀಡ್ ಏರದ ಹಾಗೆ ಇಡೋಕೆ ಬ್ರೇಕು ತಿನ್ನಬೇಕಾದ ಶಾಖದಲ್ಲಿ ಸುಮಾರು ಎಂಟು ಲೀಟರ್ ತಣ್ಣೀರು ಕುದೀತದೆ. ಹತ್ತು ಟನ್ ಲಾರಿಗೆ ಮೂವತ್ತು ಲೀಟರ್. ಬಚ್ಚಲ ಹಂಡೆಗೆ ಬೆಳಗ್ಗೆ ಎಷ್ಟು ಸೌದೆ ಹಾಕ್ತೀರಿ ದೊಡ್ಡಪ್ಪ? ಅಷ್ಟು ಕಾವು ನಾಲ್ಕು ಚಕ್ರದ ಒಳಗೆ. ಇದು ಬರೀ 100 ಮೀಟರಿಗೆ. ಘಾಟಿ ಅಲ್ಲಿಗೇ ಮುಗಿಯಲ್ಲ.

ಅಪ್ಪ: ಹಂಡೆ ಲೆಕ್ಕ ಚೆನ್ನಾಗಿದೆ

ದೊಡ್ಡಪ್ಪ: ನೀನೂ ಶುರು ಮಾಡಿದ್ಯಾ. ಸರಿ, ನ್ಯೂಟ್ರಲ್ ಬೇಡ, ಅಳಿಯಂದ್ರು ಗೇರಲ್ಲೇ ಇಳಿಸ್ಲಿ. ಬೆಲ್ಟಿನ ವಿಷಯ ನಾನು ಒಪ್ಪಲ್ಲ. ಹಿಂದೆ ಕೂತೋರಿಗೆ ಎಂತಕ್ಕೆ ಬೆಲ್ಟು? ಎದುರಿಗೆ ಸೀಟು ಇರ್ತದಲ್ಲ.

ಶಾರದತ್ತೆ: ನಂಗೊಂದು ಡೌಟು. ಸಾಗರದ ಬಸ್ಸಲ್ಲಿ ನಿಂತ್ಕೊಂಡು ಬರುವಾಗ ಡ್ರೈವರ್ ಬ್ರೇಕ್ ಹಾಕಿದ್ರೆ ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದ ಹಂಗೆ ಆಗ್ತದಲ್ಲ, ಅದು ಎಂತ ಶಕ್ತಿ?

ನಾನು: ಯಾರೂ ನೂಕಲ್ಲ ಅತ್ತೆ. ನೀವು ಮೊದಲು ಹೋಗ್ತಿದ್ದ ಹಾಗೇ ಹೋಗ್ತಿದೀರಿ. ನಿಂತದ್ದು ಬಸ್ಸು. ಬಸ್ಸಿನ ನೆಲ ನಿಮ್ಮ ಪಾದ ಹಿಡಿದು ನಿಲ್ಲಿಸ್ತದೆ, ಸೊಂಟದಿಂದ ಮೇಲಿಂದಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲ್ಲ. ಬಸ್ಸು ಹೊರಡುವಾಗ ಹಿಂದಕ್ಕೆ ವಾಲೋದೂ ಹಿಂಗೇ, ಪಾದ ಹೊರಟಿರ್ತದೆ, ತಲೆ ಇನ್ನೂ ಸ್ಟ್ಯಾಂಡಲ್ಲೇ. ಜಡತ್ವ ಅಂತ ಓದಿದ್ದು ಇದನ್ನೇ. ನ್ಯೂಟನ್ 1687ರಲ್ಲಿ ಬರೆದ ಮೊದಲನೇ ನಿಯಮ. ಹೋಗ್ತಿರೋದನ್ನ ಯಾವುದಾದ್ರೂ ಬಂದು ನಿಲ್ಲಿಸ್ಲೇಬೇಕು, ತಾನಾಗಿ ನಿಲ್ಲಲ್ಲ. ಕಾರಲ್ಲೂ ಪ್ರಶ್ನೆ ಅದೇ. ಕಾರನ್ನ ಬ್ರೇಕೋ ಮರವೋ ನಿಲ್ಲಿಸ್ತದೆ. ನಿಮ್ಮನ್ನ ಯಾವುದು ನಿಲ್ಲಿಸ್ತದೆ?

ದೊಡ್ಡಪ್ಪ: ಎದುರು ಸೀಟು ಅಂತ ಆವಾಗ್ಲೇ ಹೇಳಿದ್ನಲ್ಲ.

ನಾನು: ಸರಿ, ಆ ಸೀಟಲ್ಲಿ ಕೂತಿರೋರು ಯಾರು? ದೊಡ್ಡಮ್ಮ. ಅವರ ಹಿಂದೆ ಮಂಜಣ್ಣ, 80 ಕೆಜಿ. 40 ಕಿಮೀ ವೇಗದಲ್ಲಿ ಗಾಡಿ ಎಂತಕ್ಕಾದ್ರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತ್ರೆ, ಮಂಜಣ್ಣನ್ನೂ ಅಷ್ಟರಲ್ಲೇ ನಿಲ್ಲಿಸೋಕೆ ಸುಮಾರು 900 ಕೆಜಿ ತೂಕದಷ್ಟು ಬಲ ಬೇಕು. ಅವನು ಬೆಲ್ಟ್ ಹಾಕಿಲ್ಲ ಅಂದ್ರೆ ಆ ಕೆಲಸ ದೊಡ್ಡಮ್ಮನ ಬೆನ್ನಿಗೆ ಬೀಳ್ತದೆ.

ಮಂಜಣ್ಣ: 80 ಅಲ್ಲ 76

ದೊಡ್ಡಮ್ಮ: ನಾನು ಹಿಂದೆ ಕೂರ್ತೀನಿ

ದೊಡ್ಡಪ್ಪ: ಬೆಲ್ಟ್ ಹಾಕಿದ್ರೂ ಆ 900 ಕೆಜಿ ಎಲ್ಲಿಗೆ ಹೋಗ್ತದೆ? ಅದೇ ಬಲ ಬೆಲ್ಟಿಂದ ಬೀಳಲ್ವಾ ಅವನ ಮೇಲೆ? ಲೆಕ್ಕ ಅಂದ್ಮೇಲೆ ಲೆಕ್ಕ.

(ಇದು ಸರಿಯಾದ ಪ್ರಶ್ನೆ. ನನ್ನ ಕ್ಲಾಸಿನಲ್ಲಿ ಇದನ್ನು ಕೇಳುವ ಹುಡುಗರು ಅಪರೂಪ.)

ನಾನು: ಬೀಳ್ತದೆ ದೊಡ್ಡಪ್ಪ, ಆದ್ರೆ ಎಲ್ಲಿ ಬೀಳ್ತದೆ, ಎಷ್ಟು ದೂರದಲ್ಲಿ ನಿಲ್ಲಿಸ್ತದೆ ಅನ್ನೋದು ಬೇರೆ. ಗುದ್ದಿದಾಗ ಕಾರಿನ ಮುಂಭಾಗ ಅರ್ಧ ಮೀಟರಷ್ಟು ನಜ್ಜುಗುಜ್ಜಾಗ್ತದೆ, ಅದನ್ನ ಹಾಗೆ ಆಗ್ಲಿ ಅಂತಾನೇ ಮಾಡಿರ್ತಾರೆ. ಬೆಲ್ಟ್ ಹಾಕಿದೋನು ಕಾರಿಗೆ ಕಟ್ಟಿಕೊಂಡಿರ್ತಾನೆ, ಹಂಗಾಗಿ ಅವನೂ ಆ ಅರ್ಧ ಮೀಟರಲ್ಲಿ ನಿಲ್ತಾನೆ. ಬಲ ಬೀಳೋದು ಸೊಂಟದ ಮೂಳೆ, ಎದೆಗೂಡು, ಭುಜದ ಮೇಲೆ ಹರಡ್ಕೊಂಡು. ಬೆಲ್ಟ್ ಇಲ್ಲದೋನು ಕಾರು ನಿಲ್ತಿದ್ರೂ 40ರಲ್ಲೇ ಮುಂದಕ್ಕೆ ಹೋಗಿ, ಗಟ್ಟಿ ಜಾಗಕ್ಕೆ ತಲೆ ಕೊಟ್ಟು, ನಾಲ್ಕೈದು ಸೆಂಟಿಮೀಟರಲ್ಲಿ ನಿಲ್ತಾನೆ. ದೂರ ಹತ್ತನೇ ಒಂದು ಭಾಗ, ಬಲ ಹತ್ತು ಪಟ್ಟು. 900 ಕೆಜಿ ಅಲ್ಲ ಅದು, ಒಂಬತ್ತು ಟನ್.

ವಿದ್ಯಕ್ಕ: ಪಾಪು ವಿಷಯ ಹೇಳೇ. ನನ್ನ ಮಡಿಲಲ್ಲೇ ಕೂರ್ಸೋದು ಅಂದ್ಕೊಂಡಿದ್ದೆ. ಗಟ್ಟಿ ಹಿಡ್ಕೊಳ್ತೀನಿ

ನಾನು: ಅಕ್ಕ, ಪಾಪು 12 ಕೆಜಿ ಅಲ್ವಾ. ಅದೇ 40 ಕಿಮೀ, ಅದೇ ಹತ್ತನೇ ಒಂದು ಸೆಕೆಂಡು. 136 ಕೆಜಿ. ಹತ್ತಿರ ಹತ್ತಿರ ಎರಡು ಅಡಿಕೆ ಮೂಟೆ. ಎರಡು ಮೂಟೆ ಕೈಯಲ್ಲಿ ಹಿಡ್ಕೋ ಅಂದ್ರೆ ಆಗ್ತದಾ? ಅದೂ ರೆಡಿಯಾಗಿ ನಿಂತಾಗ ಅಲ್ಲ, ಮಾತಾಡ್ತಾ ಕೂತಿದ್ದಾಗ. ಒಂದೇ ಬೆಲ್ಟ್ ಇಬ್ಬರಿಗೂ ಸುತ್ತೋದು ಇನ್ನೂ ಕೆಟ್ಟದ್ದು, ನಿನ್ನ ಭಾರ ಪೂರ್ತಿ ಪಾಪು ಮೇಲೆ ಬೀಳ್ತದೆ.

ವಿದ್ಯಕ್ಕ: ಅಯ್ಯೋ ಸಾಕು ನಿಲ್ಸೇ

ಶಾರದತ್ತೆ: ಒಳ್ಳೇ ಕಾರ್ಯಕ್ಕೆ ಹೊರಟಾಗ ಎಂತ ಮಾತು ಇದು. ಬಿಡಿ ಎಲ್ಲ

ದೊಡ್ಡಪ್ಪ: ಅದೇ ನಾನೂ ಹೇಳೋದು. ನಮ್ಮ ಕಾಲದಲ್ಲಿ ಒಂದು ಜೀಪಲ್ಲಿ ಹನ್ನೆರಡು ಜನ, ಮೇಲೆ ಮಕ್ಕಳು. ಎಂತ ಆಯ್ತು? ದೇವರ ದಯೆ, ಏನೂ ಆಗ್ಲಿಲ್ಲ.

ನಾನು: ಗುದ್ದದೇ ಇದ್ದದ್ದಕ್ಕೆ ಏನೂ ಆಗ್ಲಿಲ್ಲ ದೊಡ್ಡಪ್ಪ.

ರಾಘು ಭಾವ: ಕಾನೂನೂ ಇದೆ ಮಾವ. 2019ರಲ್ಲಿ ತಿದ್ದುಪಡಿ ಆಯ್ತಲ್ಲ, 14 ವರ್ಷದೊಳಗಿನ ಮಕ್ಕಳನ್ನ ಬೆಲ್ಟೋ ಮಕ್ಕಳ ಸೀಟೋ ಇಲ್ದೆ ಕರ್ಕೊಂಡು ಹೋದ್ರೆ ಸಾವಿರ ರೂಪಾಯಿ ದಂಡ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ

ದೊಡ್ಡಪ್ಪ: ಆಗುಂಬೇಲಿ ಹದಿನಾಲ್ಕು ತಿರುವು. 40ರಲ್ಲಿ ಯಾರು ಇಳೀತಾರೆ ಅಲ್ಲಿ? ನಿನ್ನ 40ರ ಲೆಕ್ಕ ಹೈವೇಗೆ ಇಟ್ಕೋ.

ನಾನು: ತಿರುವಲ್ಲಿ ಯಾರೂ ಇಳಿಯಲ್ಲ, ನಿಜ. ಹತ್ತು ಮೀಟರ್ ತ್ರಿಜ್ಯದ ತಿರುವಲ್ಲಿ ರಸ್ತೆ ಒಣಗಿದ್ರೆ 30ರ ಹತ್ತಿರ, ನೆಂದಿದ್ರೆ 22ರ ಹತ್ತಿರ ಟೈರಿನ ಹಿಡಿತ ಮುಗೀತದೆ. ಅದಕ್ಕಿಂತ ಜೋರಿದ್ರೆ ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ಗಾಡಿ ತಿರುಗಲ್ಲ, ನೇರ ಹೋಗ್ತದೆ. ಆದ್ರೆ ಸೋಮೇಶ್ವರ ದಾಟಿದ ಮೇಲೆ? ಹೆಬ್ರಿ ರಸ್ತೆ ಚೆನ್ನಾಗಿದೆ ಅಂತ ಹೋದ ಸಲ ಹೊಗಳಿದ್ದು ನೀವೇ. ಅಲ್ಲಿ 40ರಲ್ಲಿ ಹೋಗ್ತೀರಾ?

(ಉತ್ತರ ಬರಲಿಲ್ಲ. ಬೆಳಗ್ಗೆ ಐದೂವರೆಗೆ ದೊಡ್ಡಪ್ಪನ ಸುಪ್ರಭಾತದ ಫೋಟೋ ಬಂತು. ಅದರ ಕೆಳಗೇ ಮುಂದಿನದು.)

ದೊಡ್ಡಪ್ಪ: ಹಂಗಾದ್ರೆ ಎರಡು ಗಾಡಿ ಬೇಕಾಗ್ತದೆ. ಎರಡನೇದರ ಡೀಸೆಲ್ ಯಾರು ಕೊಡೋದು?

ಅಪ್ಪ: ನಾನು ಕೊಡ್ತೀನಿ ಅಣ್ಣ

ಮಂಜಣ್ಣ: ನನ್ನ ಗಾಡಿ ಇದೆಯಲ್ಲ. ಬೆಂಗಳೂರಿಂದ ಇವತ್ತು ರಾತ್ರಿ ಬರ್ತೀನಿ. ಪಾಪುಗೆ ಸೀಟು ನನ್ನ ಫ್ರೆಂಡ್ ಹತ್ರ ಇದೆ, ಶಿವಮೊಗ್ಗ ವಿನೋಬನಗರದಲ್ಲಿ. ಬರ್ತಾ ಎತ್ಕೊಂಡು ಬರ್ತೀನಿ.

ವಿದ್ಯಕ್ಕ: ಅದರಲ್ಲಿ ಕೂತ್ರೆ ಅಳ್ತಾನೆ

ರಾಘು ಭಾವ: ಅಳ್ಲಿ. ಮಂಡಗದ್ದೆ ಬರೋದ್ರೊಳಗೆ ಮಲಗ್ತಾನೆ

ವಿದ್ಯಕ್ಕ: ರೀ ನಾವು ಹೊರಡೋದು ತೀರ್ಥಹಳ್ಳಿಯಿಂದ. ಮಂಡಗದ್ದೆ ಎಲ್ಲಿ ಬರ್ತದೆ

ರಾಘು ಭಾವ: ಹಂಗಾದ್ರೆ ಮೇಗರವಳ್ಳಿ

ದೊಡ್ಡಪ್ಪ: ಹಲಸಿನಹಣ್ಣು ಎಲ್ಲಿಡೋದು? ಅದಕ್ಕೂ ಬೆಲ್ಟ್ ಹಾಕ್ತೀರಾ?

ನಾನು: ತೂಕ ಎಷ್ಟು?

ದೊಡ್ಡಪ್ಪ: ಹನ್ನೆರಡು ಹದಿಮೂರು ಕೆಜಿ ಬರಬಹುದು.

ನಾನು: ಪಾಪು ಅಷ್ಟೇ ಇದೆ. ಲೆಕ್ಕ ಅದೇ. ಸೀಟಿನ ಹಿಂದಿನ ಶೆಲ್ಫ್ ಮೇಲೆ ಮಾತ್ರ ಇಡಬೇಡಿ, ಬ್ರೇಕ್ ಹಾಕಿದಾಗ ಅದು ಹೊರಟದ್ದು ಹೊರಟ ಹಾಗೇ ಬರ್ತದೆ, ಮುಳ್ಳಿನ ಸಮೇತ.

ರಾಘು ಭಾವ: ಡಿಕ್ಕಿಯಲ್ಲಿ ನೆಲಕ್ಕೆ ಇಡಿ ಮಾವ. ಸೀಟಿಗೆ ಒತ್ತಿ ಇಟ್ಟು, ಗೋಣಿ ಚೀಲ ತುರುಕಿ. ಮಧ್ಯ ಜಾಗ ಬಿಟ್ರೆ ಉರುಳಿ ಬಂದು ಗುದ್ದುತ್ತದೆ

ದೊಡ್ಡಪ್ಪ: ಎರಡಿದಾವೆ.

ಶಾರದತ್ತೆ: ಗಾಡಿಗೊಂದು ಹಾಕಣ್ಣಯ್ಯ