ಗ್ರಾಫ್ ಎಪಿಐ: 412 ಡಿವೈಸ್ ಇವೆ, ಆದರೆ ಬರುತ್ತಿರುವುದು ಸರಿಯಾಗಿ 100

ಪ್ರಶ್ನೆ

ನಮಸ್ಕಾರ. ನಮ್ಮ ಸಂಸ್ಥೆಯ ಲ್ಯಾಪ್‌ಟಾಪ್‌ಗಳೆಲ್ಲ ಮೈಕ್ರೋಸಾಫ್ಟ್ ಎಂಟ್ರಾ ಐಡಿಯಲ್ಲಿ (ಖಾತೆ, ಸಾಧನಗಳ ಕ್ಲೌಡ್ ಡೈರೆಕ್ಟರಿ) ನೋಂದಣಿಯಾಗಿವೆ. ಆ ಪಟ್ಟಿಯನ್ನು ಗ್ರಾಫ್ ಎಪಿಐ (ಮೈಕ್ರೋಸಾಫ್ಟ್ ಸೇವೆಗಳ ಮಾಹಿತಿಯನ್ನು ಪ್ರೋಗ್ರಾಂನಿಂದ ಕೇಳುವ ದಾರಿ) ಮೂಲಕ ತೆಗೆದು ಪ್ರತಿ ರಾತ್ರಿ ಒಂದು ಶೀಟ್‌ಗೆ ಬರೆಯಲು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಇಟ್ಟಿದ್ದೇನೆ. ಎಷ್ಟು ಸಾಲು ಬರುತ್ತಿವೆ ಅಂತ ಇಷ್ಟು ದಿನ ಯಾರೂ ಎಣಿಸಿರಲಿಲ್ಲ.

ಮೊನ್ನೆ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಪ್ರಯಾಣದಲ್ಲಿ ಕಳೆದುಹೋಯಿತು. ಬೇಗ ಡಿಸೇಬಲ್ ಮಾಡೋಣ ಅಂತ ಶೀಟ್‌ನಲ್ಲಿ ಹುಡುಕಿದೆ. ಆ ಹೆಸರೇ ಇಲ್ಲ. ಪೋರ್ಟಲ್‌ನಲ್ಲಿ ಹುಡುಕಿದರೆ ಇದೆ! ಸದ್ಯ ಅಲ್ಲಿಂದಲೇ ಡಿಸೇಬಲ್ ಮಾಡಿದೆ. ಆಮೇಲೆ ಶೀಟ್‌ನ ಸಾಲುಗಳನ್ನು ಎಣಿಸಿದೆ: 100. ನಮ್ಮ ದಾಸ್ತಾನು ಪುಸ್ತಕದಲ್ಲಿ 412 ಇವೆ.

ಎರರ್ ಏನೂ ಇಲ್ಲ, ಪ್ರತಿ ಸಲ 200 (ಕರೆ ಯಶಸ್ವಿ) ಅಂತಲೇ ಉತ್ತರ ಬರುತ್ತದೆ. ಡಿವೈಸ್.ರೀಡ್.ಆಲ್ ಪರ್ಮಿಷನ್ ಇದೆ, ಅಡ್ಮಿನ್ ಒಪ್ಪಿಗೆಯೂ ಆಗಿದೆ. ವಿ1.0/ಡಿವೈಸಸ್‌ಗೆ ಒಂದು ಗೆಟ್ ಕರೆ ಮಾಡಿ, ಬಂದ ಉತ್ತರದ 'ವ್ಯಾಲ್ಯೂ' ಒಳಗಿರುವುದನ್ನು ಶೀಟ್‌ಗೆ ಬರೆಯುತ್ತೇನೆ, ಅಷ್ಟೇ. ಯಾವುದೋ ಪರ್ಮಿಷನ್ ಬಾಕಿ ಇರಬಹುದಾ?

ಉತ್ತರ 1

ಪರ್ಮಿಷನ್ ಅಲ್ಲ. ಅದು ಇಲ್ಲದಿದ್ದರೆ 403 (ಅನುಮತಿ ಇಲ್ಲ) ಬರುತ್ತಿತ್ತು, ಒಂದು ಸಾಲೂ ಸಿಗುತ್ತಿರಲಿಲ್ಲ. ನಿಮ್ಮ ಲೆಕ್ಕ ಸರಿಯಾಗಿ 100ಕ್ಕೆ ನಿಂತಿದೆ ನೋಡಿ, ಸುಳಿವು ಅಲ್ಲೇ ಇದೆ. ಡಿವೈಸಸ್ ಕರೆಗೆ ಒಂದು ಪುಟದಲ್ಲಿ ಬರುವುದು 100. ನೀವು ಮೊದಲ ಪುಟ ಓದಿ ಪುಸ್ತಕ ಮುಚ್ಚುತ್ತಿದ್ದೀರಿ.

ಬಂದ ಉತ್ತರವನ್ನು ಪೂರ್ತಿ ಪ್ರಿಂಟ್ ಮಾಡಿ. 'ವ್ಯಾಲ್ಯೂ' ಪಕ್ಕದಲ್ಲೇ '@ಓಡೇಟಾ.ನೆಕ್ಸ್ಟ್‌ಲಿಂಕ್' ಅಂತ ಒಂದು ಉದ್ದದ ವಿಳಾಸ ಇರುತ್ತದೆ. ಅದನ್ನು ಕರೆದರೆ ಎರಡನೇ ಪುಟ. ಅದರ ಉತ್ತರದಲ್ಲಿ ಮೂರನೆಯದಕ್ಕೆ ಇನ್ನೊಂದು ಲಿಂಕ್. ಲಿಂಕ್ ಇಲ್ಲದ ಉತ್ತರ ಬರುವ ತನಕ ಲೂಪ್ ಓಡಲಿ.

ಉತ್ತರ 2

ಅಷ್ಟೆಲ್ಲ ಬೇಡ. ವಿಳಾಸದ ಕೊನೆಗೆ ?$ಟಾಪ್=999 ಸೇರಿಸಿ. 412 ತಾನೇ ಇರುವುದು? ಒಂದೇ ಕರೆಗೆ ಎಲ್ಲ ಬರುತ್ತದೆ. ನಾನು ಹಾಗೇ ಮಾಡಿಕೊಂಡಿದ್ದೇನೆ.

ಉತ್ತರ 1

ದಯವಿಟ್ಟು ಅದನ್ನೇ ಪರಿಹಾರ ಅಂದುಕೊಳ್ಳಬೇಡಿ. 999 ಅನ್ನುವುದು ಒಂದು ಪುಟದ ಗರಿಷ್ಠ ಮಿತಿ. ಸಾವಿರನೇ ಡಿವೈಸ್ ಬಂದ ದಿನ ಇದೇ ತೊಂದರೆ ವಾಪಸ್ ಬರುತ್ತದೆ. ಆಗಲೂ 200 ಅಂತಲೇ ಉತ್ತರ, ಆಗಲೂ ಎರರ್ ಇಲ್ಲ. ಕರೆಗಳು ಕಡಿಮೆಯಾಗಲಿ ಅಂತ 999 ಹಾಕಿ, ತಪ್ಪಿಲ್ಲ. ಆದರೆ ಲೂಪ್ ಬೇಕೇ ಬೇಕು.

ಲೂಪ್ ಬರೆಯುವಾಗ ಜನ ಎಡವುವ ಎರಡು ಜಾಗ ಹೇಳುತ್ತೇನೆ. ನೆಕ್ಸ್ಟ್‌ಲಿಂಕ್ ವಿಳಾಸವನ್ನು ಬಂದ ಹಾಗೆಯೇ ಬಳಸಿ. ಅದರೊಳಗಿನ ಸ್ಕಿಪ್‌ಟೋಕನ್ (ಮುಂದಿನ ಪುಟದ ಗುರುತು) ಮಾತ್ರ ಕಿತ್ತುಕೊಂಡು ಬೇರೆ ವಿಳಾಸಕ್ಕೆ ಅಂಟಿಸಬೇಡಿ. ನೀವು ಕೇಳಿದ ಫಿಲ್ಟರ್, ಸೆಲೆಕ್ಟ್ ಎಲ್ಲ ಆ ಲಿಂಕ್‌ನಲ್ಲೇ ಇರುತ್ತವೆ. ಇನ್ನೊಂದು, ಪುಟದಲ್ಲಿ 100ಕ್ಕಿಂತ ಕಡಿಮೆ ಬಂತು ಅಂತ ಲೂಪ್ ನಿಲ್ಲಿಸಬೇಡಿ. ಕೆಲವೊಮ್ಮೆ ಪುಟ ಖಾಲಿಯೇ ಬಂದರೂ ಮುಂದಿನ ಲಿಂಕ್ ಇರಬಹುದು. ನಿಲ್ಲಿಸಬೇಕಾದದ್ದು ಲಿಂಕ್ ಇಲ್ಲದಾಗ ಮಾತ್ರ.

429 (ಕರೆಗಳು ಅತಿಯಾದವು) ಬಂದರೆ ಉತ್ತರದ ಹೆಡರ್‌ನಲ್ಲಿ ರಿಟ್ರೈ-ಆಫ್ಟರ್ ನೋಡಿ, ಅಷ್ಟು ಸೆಕೆಂಡ್ ಕಾದು ಮತ್ತೆ ಕೇಳಿ. ಪವರ್‌ಶೆಲ್ ಬಳಸುವವರಿಗೆ ಗೆಟ್-ಎಂಜಿಡಿವೈಸ್ ಜೊತೆ -ಆಲ್ ಹಾಕಿದರೆ ಸಾಕು, ಪುಟಗಳನ್ನು ಅದೇ ತಿರುವುತ್ತದೆ.

ಎಲ್ಲ ಮುಗಿದ ಮೇಲೆ ಡಿವೈಸಸ್/$ಕೌಂಟ್ ಅನ್ನು ಒಮ್ಮೆ ಕರೆದು, ನಿಮ್ಮ ಸಾಲುಗಳ ಲೆಕ್ಕದ ಜೊತೆ ಹೋಲಿಸಿ. ಆ ಕರೆಗೆ 'ಕನ್ಸಿಸ್ಟೆನ್ಸಿಲೆವೆಲ್: ಇವೆಂಚುಯಲ್' ಅನ್ನುವ ಹೆಡರ್ ಕಡ್ಡಾಯ. ಮರೆತರೆ 400 (ಕರೆಯೇ ತಪ್ಪಾಗಿದೆ) ಬರುತ್ತದೆ. ಎರಡು ಲೆಕ್ಕ ತಾಳೆಯಾಗದಿದ್ದರೆ ಸ್ಕ್ರಿಪ್ಟ್ ಜೋರಾಗಿ ಎಚ್ಚರಿಸಲಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ, ಲೂಪ್ ಹಾಕಿದೆ. ಆರು ಪುಟ ಬಂದವು. ಕಳೆದುಹೋದ ಲ್ಯಾಪ್‌ಟಾಪ್ ನಾಲ್ಕನೇ ಪುಟದಲ್ಲಿತ್ತು. ಕೌಂಟ್ ಕೂಡ ತಾಳೆಯಾಯಿತು.

ಆದರೆ ಈಗ ಒಟ್ಟು 587! ನಮ್ಮಲ್ಲಿರುವುದೇ 412. ಮಿಕ್ಕ 175 ಎಲ್ಲಿಂದ ಬಂದವು? ಲೂಪ್‌ನಲ್ಲಿ ಒಂದೇ ಪುಟ ಎರಡು ಸಲ ಓದಿದೆನಾ ಅಂತ ನೋಡಿದೆ, ಇಲ್ಲ. 587 ಐಡಿಗಳೂ ಬೇರೆ ಬೇರೆಯೇ.

ಉತ್ತರ 1

ಲೂಪ್ ಸರಿಯಾಗಿಯೇ ಇದೆ. ನಿಮಗೆ ಸಿಕ್ಕಿರುವುದು ನೋಂದಣಿಗಳ ಪಟ್ಟಿ, ಯಂತ್ರಗಳ ಪಟ್ಟಿ ಅಲ್ಲ. ಇದು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ. ಒಂದು ಲ್ಯಾಪ್‌ಟಾಪ್‌ಗೆ ಎರಡು ನೋಂದಣಿ ಇರಬಹುದು. ಗುಜರಿಗೆ ಹೋದ ಲ್ಯಾಪ್‌ಟಾಪ್‌ನ ನೋಂದಣಿ ಹಾಗೇ ಉಳಿದಿರಬಹುದು. ಯಾರಾದರೂ ತಮ್ಮ ಸ್ವಂತ ಫೋನ್‌ನಲ್ಲಿ ಆಫೀಸ್ ಖಾತೆ ಸೇರಿಸಿದರೆ ಅದೂ ಒಂದು ನೋಂದಣಿಯಾಗಬಹುದು.

'ಟ್ರಸ್ಟ್‌ಟೈಪ್' (ಸಾಧನ ಯಾವ ಬಗೆಯಲ್ಲಿ ಸೇರಿದೆ ಅನ್ನುವುದು) ಕಾಲಮ್ ಹಾಕಿ ಗುಂಪು ಮಾಡಿ. 'ವರ್ಕ್‌ಪ್ಲೇಸ್' ಅಂದರೆ ಬರೀ ರಿಜಿಸ್ಟರ್ ಆದದ್ದು, ಹೆಚ್ಚಾಗಿ ಜನರ ಸ್ವಂತ ಸಾಧನ. 'ಅಜೂರ್‌ಎಡಿ' ಅಂದರೆ ನೇರವಾಗಿ ಕ್ಲೌಡ್‌ಗೆ ಜಾಯಿನ್ ಆದದ್ದು. 'ಸರ್ವರ್‌ಎಡಿ' ಅಂದರೆ ಒಳಗಿನ ಡೊಮೇನ್‌ಗೂ ಕ್ಲೌಡ್‌ಗೂ ಸೇರಿದ ಹೈಬ್ರಿಡ್. 2023ರಲ್ಲಿ ಅಜೂರ್ ಎಡಿ ಅನ್ನುವ ಹೆಸರು ಎಂಟ್ರಾ ಐಡಿ ಆಯಿತು, ಆದರೆ ಎಪಿಐಯ ಈ ಮೌಲ್ಯಗಳಲ್ಲಿ ಹಳೆಯ ಹೆಸರೇ ಇದೆ. ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ಪ್ರಶ್ನೆ ಕೇಳಿದವರು

ಗುಂಪು ಮಾಡಿದೆ. ವರ್ಕ್‌ಪ್ಲೇಸ್ 139. ಉಳಿದದ್ದು 448. ಅದರಲ್ಲಿ 31 ಆರು ತಿಂಗಳಿಂದ ಸೈನ್ ಇನ್ ಆಗಿಯೇ ಇಲ್ಲ. ಈ 31ನ್ನು ಇವತ್ತೇ ಡಿಲೀಟ್ ಮಾಡಿಬಿಡಲಾ?

ಜೊತೆಗೆ ಇನ್ನೊಂದು ತೊಂದರೆ. ಇದನ್ನು ಇನ್‌ಟ್ಯೂನ್ (ಸಾಧನಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ) ಪಟ್ಟಿಯ ಜೊತೆ 'ಐಡಿ' ಮೇಲೆ ಜೋಡಿಸಲು ನೋಡಿದೆ. ಒಂದೂ ಹೊಂದಲಿಲ್ಲ, ಸೊನ್ನೆ.

ಉತ್ತರ 1

ಡಿಲೀಟ್ ಮಾಡಬೇಡಿ, ಸ್ವಲ್ಪ ತಡೆಯಿರಿ! ವಿಂಡೋಸ್ ಸಾಧನಗಳ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಗೂಢಲಿಪೀಕರಣ) ರಿಕವರಿ ಕೀ ಎಂಟ್ರಾದಲ್ಲಿ ಉಳಿಸುವ ವ್ಯವಸ್ಥೆ ಇದ್ದರೆ, ಅದು ಇದೇ ಡಿವೈಸ್ ದಾಖಲೆಗೆ ಅಂಟಿಕೊಂಡಿರುತ್ತದೆ. ದಾಖಲೆ ಹೋದರೆ ಕೀ ಕೂಡ ಹೋಗುತ್ತದೆ. ಆರು ತಿಂಗಳ ರಜೆ ಮುಗಿಸಿ ಬಂದವರ ಲ್ಯಾಪ್‌ಟಾಪ್ ರಿಕವರಿ ಕೀ ಕೇಳಿ ನಿಂತರೆ, ಒಳಗಿರುವ ಫೈಲುಗಳನ್ನು ಯಾರೂ ತೆಗೆಯಲಾಗುವುದಿಲ್ಲ. ನಾನು ಒಮ್ಮೆ ಅಂಥ ನೀಲಿ ಪರದೆಯ ಮುಂದೆ ಕೂತಿದ್ದೇನೆ, 48 ಅಂಕಿಯ ಕೀ ಕೇಳುತ್ತಿತ್ತು, ಅದು ನಮ್ಮ ಬಳಿ ಎಲ್ಲಿಯೂ ಉಳಿದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವರ ಮುಖ ಇನ್ನೂ ನೆನಪಿದೆ. ಮೊದಲು ಡಿಸೇಬಲ್ ಮಾಡಿ. ಯಾರಾದರೂ ದೂರು ಹೇಳಿದರೆ ವಾಪಸ್ ಎನೇಬಲ್ ಮಾಡಬಹುದು. ಕೆಲವು ವಾರ ಕಾದು, ಕೀ ಬೇಕಿಲ್ಲ ಅಂತ ಖಚಿತವಾದ ಮೇಲೆ ಡಿಲೀಟ್.

ನೀವು ನೋಡಿದ ದಿನಾಂಕದ ಹೆಸರನ್ನೂ ಗಮನಿಸಿ, 'ಅಪ್ರಾಕ್ಸಿಮೇಟ್‌ಲಾಸ್ಟ್‌ಸೈನ್‌ಇನ್‌ಡೇಟ್‌ಟೈಮ್'. ಅಂದಾಜು ಅಂತ ಹೆಸರಿನಲ್ಲೇ ಇದೆ. ಪ್ರತಿ ಸೈನ್ ಇನ್‌ಗೆ ಅದು ಬದಲಾಗುವುದಿಲ್ಲ. ಹಳೆಯ ದಿನಾಂಕಕ್ಕೂ ಈಗಿನದಕ್ಕೂ ಸುಮಾರು 14 ದಿನ, ಐದು ದಿನ ಹೆಚ್ಚು ಕಡಿಮೆ, ಅಂತರ ಇದ್ದಾಗ ಮಾತ್ರ ಹೊಸದಾಗುತ್ತದೆ. ಆರು ತಿಂಗಳ ಲೆಕ್ಕಕ್ಕೆ ತೊಂದರೆಯಿಲ್ಲ. ಆದರೆ 15 ದಿನದಿಂದ ಬಂದಿಲ್ಲ ಅಂತ ಯಾರನ್ನೂ ತಡೆಯಬೇಡಿ.

ಇನ್‌ಟ್ಯೂನ್ ವಿಷಯ. ಡಿವೈಸ್ ದಾಖಲೆಯಲ್ಲಿ 'ಐಡಿ' ಬೇರೆ, 'ಡಿವೈಸ್‌ಐಡಿ' ಬೇರೆ. ನೋಡಲು ಎರಡೂ ಒಂದೇ ಥರದ ಉದ್ದದ ಸಂಖ್ಯೆ, ಅದಕ್ಕೇ ಮೋಸ ಹೋಗುತ್ತೇವೆ. 'ಐಡಿ' ಅನ್ನುವುದು ಡೈರೆಕ್ಟರಿಯಲ್ಲಿ ಆ ದಾಖಲೆಯ ಗುರುತು, ಡಿವೈಸಸ್/ ಆದಮೇಲೆ ಬರೆಯಬೇಕಾದದ್ದು ಇದನ್ನೇ. ಅಲ್ಲಿ 'ಡಿವೈಸ್‌ಐಡಿ' ಹಾಕಿದರೆ 404 (ಸಿಗಲಿಲ್ಲ). 'ಡಿವೈಸ್‌ಐಡಿ' ಅನ್ನುವುದು ನೋಂದಣಿಯಾಗುವಾಗ ಸಿಕ್ಕ ಗುರುತು. ಇನ್‌ಟ್ಯೂನ್‌ನ ಮ್ಯಾನೇಜ್ಡ್ ಡಿವೈಸ್ ದಾಖಲೆಯಲ್ಲಿ 'ಅಜೂರ್‌ಎಡಿಡಿವೈಸ್‌ಐಡಿ' ಅಂತ ಇರುತ್ತದೆ, ಅದು ಈ 'ಡಿವೈಸ್‌ಐಡಿ' ಜೊತೆ ಹೊಂದುತ್ತದೆ. ಹೆಸರಿನ ಮೇಲೆ ಮಾತ್ರ ಜೋಡಿಸಬೇಡಿ, ಒಂದೇ ಹೆಸರಿನ ಎರಡು ಯಂತ್ರ ಇರಬಹುದು.

ಇನ್ನೊಬ್ಬ ಓದುಗರು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನಗೆ ಮೊದಲ ಪುಟವೂ ಬರುತ್ತಿಲ್ಲ, ಬರೀ 403. ಡಿವೈಸ್.ರೀಡ್.ಆಲ್ ಕೊಟ್ಟಿದ್ದೇನೆ, ಪೋರ್ಟಲ್‌ನಲ್ಲಿ ಕಣ್ಣಿಗೆ ಕಾಣುತ್ತಿದೆ.

ಉತ್ತರ 2

ಇದು ನನಗೂ ಆಗಿತ್ತು. ಅದು ಡೆಲಿಗೇಟೆಡ್ (ಲಾಗಿನ್ ಆದವರ ಪರವಾಗಿ) ಸಾಲಿನಲ್ಲಿದೆಯಾ, ಅಪ್ಲಿಕೇಷನ್ (ಸ್ಕ್ರಿಪ್ಟ್‌ನ ಸ್ವಂತ ಹೆಸರಲ್ಲಿ) ಸಾಲಿನಲ್ಲಿದೆಯಾ ನೋಡಿ. ಒಂದೇ ಹೆಸರಿನ ಪರ್ಮಿಷನ್ ಎರಡೂ ಕಡೆ ಇರುತ್ತದೆ. ಯಾರೂ ಲಾಗಿನ್ ಆಗದೆ, ಕ್ಲೈಂಟ್ ಸೀಕ್ರೆಟ್ ಕೊಟ್ಟು ರಾತ್ರಿ ಓಡುವ ಸ್ಕ್ರಿಪ್ಟ್‌ಗೆ ಅಪ್ಲಿಕೇಷನ್ ಬಗೆಯದೇ ಬೇಕು, ಅಡ್ಮಿನ್ ಒಪ್ಪಿಗೆಯೂ ಬೇಕು. ಟೋಕನ್ (ಪ್ರತಿ ಕರೆಯ ಜೊತೆ ಕಳಿಸುವ ತಾತ್ಕಾಲಿಕ ಗುರುತಿನ ಚೀಟಿ) ಬಿಚ್ಚಿ ಒಳಗೆ ನೋಡಿ. 'ರೋಲ್ಸ್' ಅಡಿಯಲ್ಲಿ ಡಿವೈಸ್.ರೀಡ್.ಆಲ್ ಕಾಣಬೇಕು. ಟೋಕನ್ ಅನ್ನು ಸಿಕ್ಕ ಸಿಕ್ಕ ವೆಬ್‌ಸೈಟ್‌ಗೆ ಅಂಟಿಸಬೇಡಿ, ನಿಮ್ಮ ಯಂತ್ರದಲ್ಲೇ ಬಿಚ್ಚಿ.

ಸರಿ ಮಾಡಿದ ಮೇಲೆ ಹೊಸ ಟೋಕನ್ ತೆಗೆದುಕೊಳ್ಳಿ. ಹಳೆಯದಕ್ಕೆ ಸಾಮಾನ್ಯವಾಗಿ 60ರಿಂದ 90 ನಿಮಿಷ ಆಯಸ್ಸು, ಅಲ್ಲಿ ತನಕ ಹಳೆಯ ಪರ್ಮಿಷನ್ನೇ ಅದರೊಳಗಿರುತ್ತದೆ. ನಾನು ಸುಮ್ನೆ ಒಂದು ಮಧ್ಯಾಹ್ನ ಪೂರ್ತಿ ಹಳೆಯ ಟೋಕನ್ ಇಟ್ಟುಕೊಂಡೇ ಹುಡುಕಿದ್ದೆ.

ಅಂದ ಹಾಗೆ, ನನ್ನ ಸ್ಕ್ರಿಪ್ಟ್‌ಗೂ ಇವತ್ತು ಲೂಪ್ ಹಾಕಿದೆ. ನಮ್ಮಲ್ಲಿ 960 ದಾಟಿದೆ.

ಇನ್ನೊಬ್ಬ ಓದುಗರು

ಡೆಲಿಗೇಟೆಡ್‌ನಲ್ಲೇ ಇತ್ತು. ಬದಲಾಯಿಸಿ ಹೊಸ ಟೋಕನ್ ತೆಗೆದೆ, ಬಂತು. ಥ್ಯಾಂಕ್ಸ್!

ಪ್ರಶ್ನೆ ಕೇಳಿದವರು

'ಡಿವೈಸ್‌ಐಡಿ' ಮೇಲೆ ಜೋಡಿಸಿದೆ, ಹೊಂದುತ್ತಿದೆ. 31ನ್ನು ಡಿಸೇಬಲ್ ಮಾತ್ರ ಮಾಡಿದ್ದೇನೆ. ಅದರಲ್ಲಿ ಎರಡು ದೀರ್ಘ ರಜೆಯಲ್ಲಿರುವವರದ್ದು ಅಂತ ಮಧ್ಯಾಹ್ನವೇ ಗೊತ್ತಾಯಿತು, ಮತ್ತೆ ಎನೇಬಲ್ ಮಾಡಿದೆ. ನೀವು ತಡೆಯದಿದ್ದರೆ ಅವು ಹೋಗಿರುತ್ತಿದ್ದವು.

448ರಲ್ಲಿ ಡಿಸೇಬಲ್ ಆಗಿಯೇ ಉಳಿದ 29 ಕಳೆದರೆ 419. ಪುಸ್ತಕದಲ್ಲಿ 412. ಹೆಚ್ಚಾದ ಏಳರಲ್ಲಿ ಐದು, ವಿಂಡೋಸ್ ಮರುಸ್ಥಾಪನೆ ಮಾಡಿದಾಗ ಉಳಿದ ಹಳೆಯ ನೋಂದಣಿಗಳು. ಅದೇ ಹೆಸರು, ಬೇರೆ 'ಡಿವೈಸ್‌ಐಡಿ'. ಉಳಿದ ಎರಡು ಕಳೆದ ವಾರವೂ ಸೈನ್ ಇನ್ ಆಗಿವೆ, ಆದರೆ ಪುಸ್ತಕದಲ್ಲಿ ಇಲ್ಲ. ರಿಜಿಸ್ಟರ್ಡ್‌ಓನರ್ಸ್ ಕರೆದು ನೋಡಿದೆ, ಇಬ್ಬರ ಹೆಸರು ಸಿಕ್ಕಿತು. ನಾಳೆ ಬೆಳಿಗ್ಗೆ ಅವರ ಮೇಜಿನ ಹತ್ತಿರ ಹೋಗಿ ಸೀರಿಯಲ್ ನಂಬರ್ ಬರೆದುಕೊಂಡು ಬರುತ್ತೇನೆ.