ಬಿಪಿ ಮಾತ್ರೆ ಬದಲಾದ ಮೇಲೆ ನಿಮಿರುವಿಕೆಯ ತೊಂದರೆ: ಮಾತ್ರೆ ಬಿಟ್ಟು ನೋಡಲೇ?

ಪ್ರಶ್ನೆ:
ವಯಸ್ಸು 48. ಮೊದಲು ಅಮ್ಲೋಡಿಪಿನ್ ಮಾತ್ರ ಇತ್ತು. ಅದರಿಂದ ಕಾಲು ಊದಿಕೊಂಡಿತೆಂದು ವೈದ್ಯರು ಅಟೆನೊಲಾಲ್ ಮತ್ತು ಕ್ಲೋರ್‌ಥಲಿಡೋನ್ ಸೇರಿದ ಮಾತ್ರೆ ಬರೆದುಕೊಟ್ಟರು. ಈಗ ಬಿಪಿ 128/80, ವೈದ್ಯರಿಗೆ ಖುಷಿ. ನನಗಿಲ್ಲ. ಆಸೆಗೆ ಕೊರತೆಯಿಲ್ಲ, ನಿಮಿರುವಿಕೆ ನಡುವೆಯೇ ಕೈಕೊಡುತ್ತದೆ. ಹೆಂಡತಿ ಏನೂ ಕೇಳುತ್ತಿಲ್ಲ, ಕೇಳಿದ್ದರೇ ವಾಸಿಯಿತ್ತು. ವೈದ್ಯರ ಎದುರು ನಿದ್ದೆ, ಮಲಬದ್ಧತೆ ಎಲ್ಲವನ್ನೂ ಹೇಳುತ್ತೇನೆ, ಇದೊಂದು ಮಾತ್ರ ಗಂಟಲಿನಿಂದ ಹೊರಡುವುದಿಲ್ಲ. ಒಂದು ವಾರ ಮಾತ್ರೆ ನಿಲ್ಲಿಸಿ ನೋಡಬಹುದೇ?

ಉತ್ತರ 1:
ದಯವಿಟ್ಟು ಬೇಡ. ಅಟೆನೊಲಾಲ್ ಒಮ್ಮೆಲೇ ನಿಲ್ಲಿಸಿದರೆ ಬಿಪಿ, ನಾಡಿಬಡಿತ ಎರಡೂ ಜಿಗಿಯಬಹುದು. ಹೃದ್ರೋಗವಿದ್ದವರಿಗೆ ಎದೆನೋವು, ಹೃದಯಾಘಾತವೂ ಆಗಿರುವುದುಂಟು. ಬಿಡುವುದಾದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ.

ಉತ್ತರ 2:
ನಾನು ಔಷಧ ಅಂಗಡಿ ನಡೆಸುವವನು. ಈ ವಿಷಯ ಕೇಳಲು ಬರುವವರು ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ಟೂತ್‌ಪೇಸ್ಟ್ ನೋಡುತ್ತಾ ನಿಂತಿರುತ್ತಾರೆ. ಸಂಕೋಚ ನಿಮ್ಮೊಬ್ಬರದಲ್ಲ.

ನಿಮ್ಮ ಮಾತ್ರೆಯಲ್ಲಿರುವ ಎರಡಕ್ಕೂ ಈ ಕೆಟ್ಟ ಹೆಸರಿದೆ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನ ಬಿಪಿ ಮಾತ್ರೆಗಳಿಗೆ ಸಾಮಾನ್ಯವಾಗಿ ಇಲ್ಲ. ಬೀಟಾ ಬ್ಲಾಕರ್ (ಅಟೆನೊಲಾಲ್‌ನಂತೆ ನಾಡಿಬಡಿತ ತಗ್ಗಿಸುವ ಮಾತ್ರೆ) ಬೇಕೇ ಬೇಕೆಂದರೆ ನೆಬಿವೊಲಾಲ್ ಇದೆ. ಹಾಗೆಂದು ಮಾತ್ರೆಯನ್ನೊಂದೇ ದೂರುವುದು ನ್ಯಾಯವಲ್ಲ. ಏರಿದ ಒತ್ತಡವೇ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಶಿಶ್ನದ ನಾಳಗಳು ಹೃದಯದವಕ್ಕಿಂತ ಸಣ್ಣವು, ಆದ್ದರಿಂದ ತೊಂದರೆ ಅಲ್ಲೇ ಮೊದಲು ಕಾಣಬಹುದು. ಹೃದಯ ಪರೀಕ್ಷೆಗೂ ಇದೊಂದು ಕಾರಣ ಎಂದುಕೊಂಡು ವೈದ್ಯರಿಗೆ ಹೇಳಿ.

ಇನ್ನೊಂದು: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಟೆನೊಲಾಲ್ ತೆಗೆದುಕೊಂಡವರ ಪೈಕಿ, ಈ ಅಡ್ಡಪರಿಣಾಮದ ಬಗ್ಗೆ ಮೊದಲೇ ತಿಳಿಸಲಾಗಿದ್ದವರಲ್ಲಿ ಸುಮಾರು 31% ಮಂದಿ ತೊಂದರೆ ಹೇಳಿಕೊಂಡರು. ಯಾವ ಮಾತ್ರೆ ಎಂಬುದೇ ತಿಳಿಯದವರಲ್ಲಿ ಸುಮಾರು 3%. ಭಯಕ್ಕೂ ಪಾಲಿದೆ. ಬೆಳಗ್ಗೆ ಎದ್ದಾಗ ನಿಮಿರುವಿಕೆ ಇರುತ್ತದೆಯೇ, ಗಮನಿಸಿ. ಇದ್ದರೆ ನಾಳಗಳು ಕೆಲಸ ಮಾಡುತ್ತಿವೆ ಎಂದು ಬಹುಮಟ್ಟಿಗೆ ಹೇಳಬಹುದು.

ಉತ್ತರ 3:
ನನಗೆ ಮಾತ್ರೆ ಬದಲಾಯಿಸಿದ ಮೇಲೆ ಸುಧಾರಿಸಿತು, ಪೂರ್ತಿ ಅಲ್ಲ. ಸಕ್ಕರೆ ಕಾಯಿಲೆಯೂ ಇದೆ, ಸಿಗರೇಟನ್ನೂ ಬಿಟ್ಟಿರಲಿಲ್ಲ. ನೀವು ಸಕ್ಕರೆ ಪರೀಕ್ಷಿಸಿಕೊಂಡಿದ್ದೀರಾ?

ಪ್ರಶ್ನೆ ಕೇಳಿದವರು:
ಸಕ್ಕರೆ ಇಲ್ಲ. ಬೆಳಗಿನದು ಅಪರೂಪಕ್ಕೆ ಇದೆ. ಬಾಯಲ್ಲಿ ಹೇಳಲಾಗದಿದ್ದರೆ ವೈದ್ಯರಿಗೆ ಬರೆದು ಕೊಡಬಹುದೇ? ಅಲ್ಲಿಯವರೆಗೆ ನಿಮಿರುವಿಕೆಗೆಂದೇ ಕೊಡುವ ಸಿಲ್ಡೆನಾಫಿಲ್ ಮಾತ್ರೆ ತೆಗೆದುಕೊಂಡರೆ?

ಉತ್ತರ 2ರವರು:
ಧಾರಾಳವಾಗಿ ಬರೆದು ಕೊಡಿ. ‘ಹೊಸ ಮಾತ್ರೆಯ ನಂತರ ನಿಮಿರುವಿಕೆ ಕಡಿಮೆಯಾಗಿದೆ, ಬೇರೆ ಔಷಧ ಸಾಧ್ಯವೇ’ ಎಂದರೆ ಸಾಕು. ಸಿಲ್ಡೆನಾಫಿಲನ್ನು ನೀವಾಗಿಯೇ ಕೊಳ್ಳಬೇಡಿ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯೊಂದಿಗೆ ಅದು ಸೇರಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥವುಗಳ ಜೊತೆಗೂ ಎಚ್ಚರ ಬೇಕು. ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಅದೇ ಚೀಟಿಯಲ್ಲಿ ಬರೆಯಿರಿ.